ರಂಗಕ್ಕನ ರುಜು

“ಇದು ಸುಳ್ಳು,” ಅಂದಳು ದಾಕ್ಷಾಯಿಣಿ. “ಇದೂ ಸುಳ್ಳು. ಇದೂ.”

ಹಳೆಯ ನಾಟಕದ ಕರಪತ್ರಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಒಟ್ಟು ಏಳು. ಪ್ರತಿಯೊಂದರಲ್ಲೂ ಕಿರೀಟ ತೊಟ್ಟ ಹೆಣ್ಣಿನ ಚಿತ್ರ, ಅದರ ಕೆಳಗೆ ನೀಲಿ ಶಾಯಿಯಲ್ಲಿ ಒಂದೇ ಹೆಸರು: ರಂಗಕ್ಕ.

ಜಯದೇವಪ್ಪ ಕುರ್ಚಿಯಲ್ಲಿ ಅಲುಗಾಡದೆ ಕುಳಿತಿದ್ದ. ಚಳ್ಳಕೆರೆಯಲ್ಲಿ ಅವನಿಗೆ ಎರಡು ಎಣ್ಣೆ ಮಿಲ್ಲು. ಹಸ್ತಾಕ್ಷರ ಸಂಗ್ರಾಹಕರ ಸಂಘಕ್ಕೆ ಅವನೇ ಅಧ್ಯಕ್ಷ. ಹನ್ನೆರಡು ವರ್ಷದ ಹಿಂದೆ ತೀರಿಕೊಂಡ ನಾಟಕದ ನಟಿ ರಂಗಕ್ಕನ ರುಜುಗಳೆಂದರೆ ಅವನಿಗೆ ಪ್ರಾಣ. ಮಿಲ್ಲಿನ ಈ ಕಚೇರಿಯ ಗೋಡೆ ತುಂಬ ಅವೇ ಇದ್ದವು.

“ಮುಗೀತಾ?” ಅಂದ.

“ಮುಗೀತು.”

“ಹಂಗಾದ್ರೆ ಇದನ್ನೂ ನೋಡ್ರಿ.”

ಅವನು ತಳ್ಳಿದ ಕಡತದಲ್ಲಿ ಏಳು ಪ್ರಮಾಣಪತ್ರಗಳಿದ್ದವು. ‘ಈ ಹಸ್ತಾಕ್ಷರವನ್ನು ಪರೀಕ್ಷಿಸಿದ್ದೇನೆ. ಇದು ಅಸಲಿ.’ ಏಳರ ಕೆಳಗೂ ಒಂದೇ ಹೆಸರು. ಅವಳದು. ಹೆಸರಿನ ಮೇಲೆ ಅವಳ ಸಹಿ.

ದಾಕ್ಷಾಯಿಣಿ ಅವನ್ನು ಮುಟ್ಟಲಿಲ್ಲ. ಬಾಗಿ ನೋಡಿದಳು.

ಪೊಲೀಸ್ ಪ್ರಯೋಗಾಲಯದ ದಾಖಲೆ ಪರೀಕ್ಷೆಯ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ಊರಿಗೆ ಮರಳಿದವಳು ಅವಳು. ಅವಳ ಮಾತಿನ ಮೇಲೆ ಜನ ಜೈಲಿಗೆ ಹೋಗಿದ್ದರು, ಜೈಲಿನಿಂದ ಹೊರಗೂ ಬಂದಿದ್ದರು. ಈಗ ಅವಳದೇ ಸಹಿ ಅವಳ ಮುಂದೆ ಸಾಕ್ಷಿಗೆ ನಿಂತಿತ್ತು.

“ಇವನ್ನ ನಾನು ಕೊಟ್ಟಿಲ್ಲ,” ಅಂದಳು.

“ಗೊತ್ತಿತ್ತು, ಹಿಂಗೇ ಅಂತೀರಿ ಅಂತ.” ಜಯದೇವಪ್ಪನ ದನಿ ಏರಲಿಲ್ಲ. “ಹಳೇ ಸಾಮಾನು ಮಾರೋ ಮಲ್ಲಿಕ್ ತಂದುಕೊಟ್ಟ. ನಿಮ್ಮ ಸಹಿ ಐತಲ್ಲ ಅಂತ ಕಣ್ಮುಚ್ಚಿ ತಗೊಂಡೆ. ಈಗ ಅವನ ಅಂಗಡಿಗೆ ಬೀಗ ಬಿದ್ದು ಹತ್ತು ದಿನ ಆಯ್ತು. ಫೋನಿಲ್ಲ, ಪತ್ತೆ ಇಲ್ಲ. ಸಿಕ್ಕೋರು ನೀವೊಬ್ರೇ.”

“ನನ್ನ ಕರೆಸಿದ್ದು ಪರೀಕ್ಷೆಗೆ ಅಂದ್ರಿ.”

“ಪರೀಕ್ಷೆಗೇ. ನಿಮ್ಮನ್ನ.”

ಅವಳು ಎದ್ದು ಎರಡು ಕರಪತ್ರಗಳನ್ನು ತೆಗೆದುಕೊಂಡಳು. ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಬಿಸಿಲು ಎರಡೂ ಹಾಳೆಗಳನ್ನು ತೂರಿ ಬಂತು. ಎರಡು ರುಜುಗಳೂ ಕೂಡಿ ಒಂದೇ ಆದವು. ಗೆರೆಗೆ ಗೆರೆ, ಸೊನ್ನೆಗೆ ಸೊನ್ನೆ.

“ನೋಡ್ರಿ. ಒಬ್ಬ ಮನುಷ್ಯ ಸಾವಿರ ಸಲ ಸಹಿ ಹಾಕಿದ್ರೂ ಎರಡು ಸಹಿ ಹಿಂಗೆ ಕೂಡಲ್ಲ. ಒಂದನ್ನ ಕೆಳಗಿಟ್ಕೊಂಡು ಅದರ ಮೇಲೆ ತಿದ್ದಿದ್ರೆ ಮಾತ್ರ ಕೂಡ್ತದೆ.”

ಪ್ರಮಾಣಪತ್ರಗಳನ್ನೂ ಹಾಗೆಯೇ ಹಿಡಿದಳು. ಅವಳ ಏಳು ಸಹಿಗಳೂ ಒಂದಾದವು.

ಆಗ ಅವಳಿಗೆ ಇನ್ನೊಂದು ಕಂಡಿತು. ಅವಳ ಹೆಸರಿನ ‘ಕ್ಷ’ದ ಬಾಲ ಯಾವಾಗಲೂ ಒಳಕ್ಕೆ ಸುತ್ತುತ್ತದೆ. ಇಲ್ಲಿ ಮೊಂಡಾಗಿ ನೇರಕ್ಕೆ ಇಳಿದಿತ್ತು. ಅವಳ ಬಲಗೈ ಹೆಬ್ಬೆರಳು ತಾನಾಗಿ ಮಡಚಿಕೊಂಡಿತು.

ಮೂರು ವರ್ಷದ ಹಿಂದೆ ಕಾರಿನ ಬಾಗಿಲಿಗೆ ಸಿಕ್ಕು ಆ ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡಿದ್ದಳು. ಆ ವಾರ ಅವಳು ಸಹಿ ಹಾಕಿದ್ದು ಒಂದೇ ವರದಿಗೆ, ಎರಡು ಪ್ರತಿಗಳಲ್ಲಿ. ಮಾರುತೇಶ ಎಂಬ ವ್ಯಾಪಾರಿಯ ಬಳಿಯಿದ್ದ ರಂಗಕ್ಕನ ಹಸ್ತಾಕ್ಷರ ಪುಸ್ತಕ ನಕಲಿ ಎಂದು ಹೇಳಿದ ವರದಿ ಅದು. ಒಂದು ಪ್ರತಿ ಸಂಘಕ್ಕೆ ಹೋಗಿತ್ತು, ಇನ್ನೊಂದು ಮಾರುತೇಶನಿಗೆ.

“ನನ್ನ ಹಳೇ ವರದಿ ಎಲ್ಲೈತೆ? ಸಂಘದ ಪ್ರತಿ?” ಅಂದಳು.

ಜಯದೇವಪ್ಪನ ಕಣ್ಣು ಒಂದು ಕ್ಷಣ ಮೂಲೆಯ ಕಬ್ಬಿಣದ ಬೀರುವಿನ ಕಡೆ ಹೋಯಿತು. “ಅಲ್ಲೈತೆ. ಬೀಗದ ಕೈ ನನ್ನ ಸೊಂಟದಲ್ಲೇ ಇರ್ತದೆ.”

“ತೋರಿಸ್ತೀರಾ?”

“ಪೊಲೀಸರು ಕೇಳಿದ್ರೆ ತೋರಿಸ್ತೀನಿ. ನನ್ನ ಕಚೇರೀಲಿ ಕುಂತು ನನ್ನನ್ನೇ ಅನುಮಾನಿಸೋಕೆ ಬಂದ್ರಾ?” ಅವನು ಈಗ ಎದ್ದು ನಿಂತ. “ಇನ್ನೊಂದು ಪ್ರತಿ ಆ ಮೊಳಕಾಲ್ಮೂರಿನ ಕಳ್ಳನ ಹತ್ರ ಐತೆ. ಅಲ್ಲಿಗೆ ಹೋಗ್ರಿ. ಭಾನುವಾರ ಸಂಘದ ಸಭೆ. ಅಷ್ಟರೊಳಗೆ ಮಾಡಿದ್ದು ಯಾರು ಅಂತ ಹೇಳದಿದ್ರೆ, ನೀವೇ ಅಂತ ಎಲ್ಲರ ಮುಂದೆ ಹೇಳ್ತೀನಿ. ಸೋಮವಾರ ಠಾಣೆಗೆ ದೂರು ಕೊಡ್ತೀನಿ.”

“ಒಂದರ ಜೆರಾಕ್ಸ್ ಬೇಕು.”

“ಹತ್ತು ತಗೊಳ್ರಿ. ಅದನ್ನ ಇಟ್ಕೊಂಡು ಏನು ಮಾಡ್ತೀರೋ ನೋಡ್ತೀನಿ.”

ಹೊರಗೆ ಶೇಂಗಾ ಹಿಂಡಿಯ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು. ಮೂಟೆ ಹೊರುತ್ತಿದ್ದವರು ಕೆಲಸ ನಿಲ್ಲಿಸಿ ಅವಳನ್ನೇ ನೋಡಿದರು. ಸುದ್ದಿ ಆಗಲೇ ಮಿಲ್ಲಿನ ಅಂಗಳಕ್ಕೆ ಬಂದಿತ್ತು.

ಮೊಳಕಾಲ್ಮೂರಿನ ದಾರಿಯಲ್ಲಿ ತಳಕು, ಬಿ.ಜಿ.ಕೆರೆ ದಾಟುವವರೆಗೂ ಅವಳ ತಲೆಯಲ್ಲಿ ಮಾರುತೇಶನೇ ಇದ್ದ. ಅವನಿಗೆ ಕಾರಣ ಇತ್ತು. ಅವಳ ವರದಿಯಾದ ಮೇಲೆ ಚಳ್ಳಕೆರೆಯ ಅವನ ಅಂಗಡಿ ಮೂರು ತಿಂಗಳೂ ನಿಲ್ಲಲಿಲ್ಲ. ಕೊಂಡವರೆಲ್ಲ ಕೊಂಡದ್ದನ್ನು ತಂದು ಅವನ ಮುಖಕ್ಕೆ ಎಸೆದಿದ್ದರು. ಪೇಟೆಯಲ್ಲಿ ಅವನ ಹೆಸರೇ ‘ನಕಲಿ ಮಾರುತಿ’ ಎಂದಾಗಿತ್ತು. ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು. ನನ್ನ ಮಾತಿನಿಂದ ಹಾಳಾದವನು ನನ್ನ ಮಾತನ್ನೇ ಹಾಳು ಮಾಡಲು ಹೊರಟಿದ್ದರೆ ಆಶ್ಚರ್ಯವೇನು ಎಂದುಕೊಂಡಳು.

ಮೊಳಕಾಲ್ಮೂರಿನ ಬಂಡೆಗುಡ್ಡದ ಬುಡದಲ್ಲಿ ನೇಕಾರರ ಓಣಿ. ಮನೆ ಮನೆಯಿಂದಲೂ ಮಗ್ಗದ ಸದ್ದು. ಕೇಳಿದ ಮೊದಲ ಮನೆಯವರೇ ಬೆರಳು ತೋರಿಸಿದರು.

ಮಾರುತೇಶ ಪಡಸಾಲೆಯಲ್ಲಿ ನೆಲದ ಮೇಲೆ ಕುಳಿತು, ಗ್ರಾಫ್ ಹಾಳೆಯ ಚೌಕಗಳಿಗೆ ಸಣ್ಣ ಕುಂಚದಿಂದ ಕೆಂಪು ಬಣ್ಣ ತುಂಬುತ್ತಿದ್ದ. ರೇಷ್ಮೆ ಸೀರೆಯ ಅಂಚಿಗೆ ನವಿಲು. ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಕೂದಲೆಳೆಯಷ್ಟೂ ಬಣ್ಣ ಹರಿದಿರಲಿಲ್ಲ.

ಸಹಿ ತಿದ್ದುವುದಕ್ಕೆ ಬೇಕಾದ ಕೈ ಇದೇ ಎಂದು ದಾಕ್ಷಾಯಿಣಿ ಹೊಸಿಲಲ್ಲೇ ಗುರುತು ಹಾಕಿಕೊಂಡಳು.

ಅವನು ತಲೆ ಎತ್ತಿದ. ಕುಂಚ ತೊಳೆದು, ಒರೆಸಿ, ಪಕ್ಕಕ್ಕಿಟ್ಟ.

“ಬರ್ರಿ ಮೇಡಂ. ಈ ಸಲ ಯಾರ ಮನೆ ಮುರಿಯೋಕೆ ಬಂದ್ರಿ?”

“ನನ್ನ ವರದಿಯ ನಿಮ್ಮ ಪ್ರತಿ ಬೇಕಿತ್ತು. ಒಂದೈದು ನಿಮಿಷ.”

“ತಲೆ ಎತ್ತಿ ನೋಡ್ರಿ.”

ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ, ಗಾಜು ಹಾಕಿ ಚೌಕಟ್ಟು ಕಟ್ಟಿಸಿದ ಒಂದು ಹಾಳೆ. ಅವಳ ವರದಿ. ಗಾಜಿನ ಮೇಲೆ ಧೂಳಿರಲಿಲ್ಲ.

“ದಿನಾ ಎದ್ದ ತಕ್ಷಣ ಓದ್ತೀನಿ,” ಅಂದ ಮಾರುತೇಶ. “‘ಬರೆದವನ ಕೈ ನಡುವೆ ನಿಂತು ಮತ್ತೆ ಮುಂದುವರಿದಿದೆ. ಇದು ನಕಲು ಮಾಡುವವನ ಲಕ್ಷಣ. ಆದ್ದರಿಂದ ಈ ಪುಸ್ತಕ ನಕಲಿ.’ ಬಾಯಿಪಾಠ ಆಗೈತೆ. ರಂಗಕ್ಕ ನನ್ನ ಕಣ್ಣೆದುರಿಗೆ, ಇದೇ ಪಡಸಾಲೇಲಿ ಕುಂತು ಬರೆದುಕೊಟ್ಲು ಅಂತ ನಿಮ್ಮ ಮುಂದೆ ಎಷ್ಟು ಸಲ ಹೇಳ್ದೆ? ನೀವು ಪುಸ್ತಕ ನೋಡಿದ್ರಿ. ನನ್ನ ಮುಖ ಒಂದು ಸಲಾನೂ ನೋಡ್ಲಿಲ್ಲ.”

“ಮುಖ ನೋಡಿ ಹೇಳೋ ಕೆಲಸ ಅಲ್ಲ ನಂದು.”

“ಹೌದಲ್ಲ. ಮುಖ ಇಟ್ಕೊಂಡು ಊರಲ್ಲಿ ಓಡಾಡೋ ಕೆಲಸ ಮಾತ್ರ ನಂದು.”

ಒಳಗಿನಿಂದ ರಾಟೆಯ ಗರಗರ ಕೇಳುತ್ತಿತ್ತು. ನಡುಮನೆಯ ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬಳು ರೇಷ್ಮೆ ನೂಲು ಸುತ್ತುತ್ತಿದ್ದಳು. ಮಾರುತೇಶನ ತಾಯಿ ಯರ್ರಮ್ಮ. ರಂಗಕ್ಕನ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಅವಳಿಗೆ ಬಣ್ಣ ಹಚ್ಚಿ, ಸೀರೆ ಉಡಿಸಿ, ಊರೂರು ತಿರುಗಿದವಳು. ಬಂದವರಿಗೆ ಅವಳು ಕೂತ್ಕೊಳ್ಳಿ ಎಂದೂ ಹೇಳಲಿಲ್ಲ, ಏಳಿ ಎಂದೂ ಹೇಳಲಿಲ್ಲ.

ದಾಕ್ಷಾಯಿಣಿ ಚೀಲದಿಂದ ಜೆರಾಕ್ಸ್ ತೆಗೆದು ಅವನ ಮುಂದಿಟ್ಟಳು. “ಯಾರೋ ನನ್ನ ಸಹಿ ತಿದ್ದಿ ಸುಳ್ಳು ಪ್ರಮಾಣಪತ್ರ ಮಾಡಿದ್ದಾರೆ. ಮೂಲ ಸಹಿ ಇರೋದು ಎರಡೇ ಕಡೆ. ಒಂದು ಜಯದೇವಪ್ಪನ ಬೀರು. ಇನ್ನೊಂದು ಈ ಗೋಡೆ.”

ಮಾರುತೇಶ ಅದನ್ನು ಓದಿದ. ಅವನ ತುಟಿಯ ಅಂಚಿನಲ್ಲಿ ನಗು ಮೂಡಿತು. ಒಳ್ಳೆಯ ನಗುವಲ್ಲ.

“ಈಗ ನಿಮ್ಮ ಮಾತನ್ನೂ ಯಾರೂ ನಂಬ್ತಿಲ್ಲ ಅನ್ನಿ.”

“ನೀವೇ ಮಾಡಿದ್ದಾ?”

“ಮಾಡಬೇಕು ಅಂತ ಅನಿಸಿತ್ತು. ಮಾಡಲಿಲ್ಲ. ನಾನು ಹಂಗಂದ್ರೆ ನೀವು ನಂಬ್ತೀರಾ?”

“ಇಲ್ಲ.”

“ಮತ್ತೆ ಯಾಕೆ ಕೇಳ್ತೀರಿ?” ಅವನು ಎದ್ದು ಚೌಕಟ್ಟನ್ನು ಮೊಳೆಯಿಂದ ಇಳಿಸಿದ. ಹಿಂದಿನ ರಟ್ಟು ಕಿತ್ತು ಹಾಳೆ ಹೊರತೆಗೆದ. “ತಗೊಳ್ರಿ. ನಿಮ್ಮ ಕೆಲಸ ಮಾಡಿ. ಕಾಗದಾನೇ ಕೇಳಿ.”

ಅವಳು ಬೀದಿ ಕಿಟಕಿಯ ಬಳಿ ಹೋಗಿ ವರದಿಯ ಮೇಲೆ ಜೆರಾಕ್ಸ್ ಇಟ್ಟು ಬೆಳಕಿಗೆ ಹಿಡಿದಳು.

‘ದಾ’ ಕೂಡಿತು. ‘ಕ್ಷಾ’ ಕೂಡಲಿಲ್ಲ. ಇಲ್ಲಿನ ಬಾಲ ಒಂದು ಅಕ್ಕಿಕಾಳಿನಷ್ಟು ಉದ್ದವಾಗಿತ್ತು. ಹಾಳೆ ಸರಿಸಿ ‘ಕ್ಷಾ’ ಕೂಡಿಸಿದರೆ ‘ಯಿಣಿ’ ಮೇಲಕ್ಕೆ ಹಾರಿತು. ಮತ್ತೆ ಇಟ್ಟಳು. ತಿರುಗಿಸಿ ಇಟ್ಟಳು. ಪಟ್ಟಿ ಕಟ್ಟಿದ ಅದೇ ಬೆರಳು, ಅದೇ ಪೆನ್ನು, ಅದೇ ದಿನ. ಆದರೂ ಎರಡು ಬೇರೆ ಬೇರೆ ಸಹಿಗಳು.

ಹಾಗಾದರೆ ತಿದ್ದಿದ್ದು ಇನ್ನೊಂದು ಪ್ರತಿಯನ್ನು ಕೆಳಗಿಟ್ಟುಕೊಂಡು. ಅದಕ್ಕೆ ಬೀಗವಿತ್ತು, ಬೀಗದ ಕೈ ಒಬ್ಬನ ಸೊಂಟದಲ್ಲಿತ್ತು. ಯಾಕೆ ಮಾಡಿದ ಅನ್ನುವುದು ಮಾತ್ರ ಇನ್ನೂ ಬಿಡಿಸಬೇಕಿತ್ತು.

“ಇದರಿಂದ ಮಾಡಿದ್ದಲ್ಲ,” ಅಂದಳು. “ಮೂಲ ಜಯದೇವಪ್ಪನ ಬೀರುವಿನಲ್ಲಿ ಇರೋದು.”

“ಅಂದ್ರೆ ನಾನು ಕಳ್ಳ ಅಲ್ಲ.”

“ಇದರಲ್ಲಿ ಅಲ್ಲ.”

“ಇದರಲ್ಲಿ,” ಎಂದು ಮಾರುತೇಶ ಆ ಪದವನ್ನು ನಿಧಾನವಾಗಿ ಹಿಂದಿರುಗಿಸಿದ. “ಅದರಲ್ಲಿ?”

“ಪುಸ್ತಕದ ವಿಷಯದಲ್ಲಿ ನಾನು ಬರೆದಿದ್ದು ಬರೆದಿದ್ದೇ. ಸಂಘದಲ್ಲಿದ್ದ ರಂಗಕ್ಕನ ಅಸಲಿ ರುಜು ಹತ್ತಿಪ್ಪತ್ತು ನೋಡಿದೀನಿ. ಅವನ್ನ ಬರೆದ ಕೈಗೂ ನಿಮ್ಮ ಪುಸ್ತಕ ಬರೆದ ಕೈಗೂ ಸಂಬಂಧ ಇಲ್ಲ.”

“ಹೊರಗೆ ನಡೀರಿ,” ಅಂದ ಅವನು.

“ಮಾರುತೇಶ...”

“ನಡೀರಿ ಅಂದೆ. ಮೂರು ವರ್ಷ ಆಯ್ತು, ಈ ಓಣಿ ಬಿಟ್ರೆ ನನಗೆ ಇನ್ನೊಂದು ಊರಿಲ್ಲ. ಈಗ ನಿಮ್ಮ ಬುಡಕ್ಕೆ ನೀರು ಬಂದ ಮೇಲೆ ನನ್ನ ಮನೆ ನೆನಪಾಯ್ತು.”

ರಾಟೆ ನಿಂತಿತು.

“ಆ ಪುಸ್ತಕ ಸುಳ್ಳಲ್ಲ,” ಅಂದಳು ಯರ್ರಮ್ಮ.

ಮಾರುತೇಶ ತಿರುಗದೆಯೇ ಹೇಳಿದ. “ಸುಮ್ಕಿರವ್ವ. ಇವರಿಗೆ ಹೇಳಿ ಏನೂ ಆಗಲ್ಲ.”

“ಊರ್ಕೋರಾ,” ಸುಮ್ಮನಿರೋ ಎಂದು ಯರ್ರಮ್ಮ ಮಗನನ್ನು ಮನೆಮಾತು ತೆಲುಗಿನಲ್ಲೇ ಗದರಿದಳು. ಕೈಯಲ್ಲಿದ್ದ ನೂಲಿನ ಸುರುಳಿ ಕೆಳಗಿಟ್ಟು ಪಡಸಾಲೆಗೆ ಬಂದಳು. “ಒಂದು ಪೆನ್ನು ಕೊಡಿ ತಾಯಿ.”

ದಾಕ್ಷಾಯಿಣಿ ಕೊಟ್ಟಳು. ಮುದುಕಿ ಗ್ರಾಫ್ ಹಾಳೆಯ ಮೂಲೆಯಲ್ಲಿ ಕೈ ಊರಿ ಒಂದೇ ಉಸಿರಿಗೆ ಬರೆದಳು. ರಂಗಕ್ಕ. ದುಂಡಾದ ಸೊನ್ನೆ, ಕೊನೆಯ ಒತ್ತಿನಿಂದ ಹೊರಟು ಹೆಸರಿನ ಕೆಳಗೆಲ್ಲ ಹಾವಿನಂತೆ ಹರಿದ ಗೆರೆ.

ಜಯದೇವಪ್ಪನ ಗೋಡೆ ತುಂಬ ಇದ್ದದ್ದು ಇದೇ ರುಜು. ಪ್ರಯೋಗಾಲಯದ ಯಂತ್ರ ಬೇಕಿರಲಿಲ್ಲ, ಭೂತಗನ್ನಡಿಯೂ ಬೇಕಿರಲಿಲ್ಲ.

“ರಂಗಕ್ಕನಿಗೆ ಓದು ಬರಹ ಇರಲಿಲ್ಲ,” ಅಂದಳು ಯರ್ರಮ್ಮ. “ನಾಟಕದ ಮಾತು ನಾನು ಓದಿ ಹೇಳ್ತಿದ್ದೆ, ಅವಳು ಕೇಳಿ ಕಲೀತಿದ್ಲು. ಒಂದು ಸಲ ಕೇಳಿದ್ರೆ ಸಾಕು. ಕಂಪನಿ ಯಜಮಾನ ಬೋರ್ಡಿನ ಮೇಲೆ ವಿದುಷಿ ಅಂತ ಬರೆಸಿದ್ದ. ಜನ ರುಜು ಕೇಳೋಕೆ ಶುರು ಮಾಡಿದ್ರು. ಪುಸ್ತಕ ಒಳಗೆ ಕಳಿಸಿ, ಅಮ್ಮನೋರು ಬಣ್ಣ ತೊಳೀತಿದಾರೆ ಅನ್ನೋರು. ಒಳಗೆ ನಾನು ಬರೆದುಕೊಡ್ತಿದ್ದೆ. ಮೂವತ್ತು ವರ್ಷ.”

ಮಾರುತೇಶ ಈಗ ತಾಯಿಯ ಕಡೆ ತಿರುಗಿದ. ಅವನಿಗೂ ಇದು ಹೊಸದು.

“ಮತ್ತೆ ನನ್ನ ಪುಸ್ತಕ?”

“ಕೊನೇಗಾಲದಲ್ಲಿ ಕಲೀತೀನಿ ಅಂತ ಹಟ ಹಿಡಿದ್ಲು. ನಾನೇ ತಿದ್ದಿಸಿದೆ. ಕೈ ಒಗ್ತಿರಲಿಲ್ಲ. ಒತ್ತಕ್ಷರ ಬಂದ್ರೆ ಮರೆತು ಮುಂದೆ ಹೋಗೋಳು. ಆಮೇಲೆ ನಿಂತು, ಯೋಚನೆ ಮಾಡಿ, ವಾಪಸ್ ಬಂದು ಕೆಳಗೆ ಸಿಕ್ಕಿಸೋಳು. ಅವಳ ಕೈಯಾರೆ ರುಜು ಹಾಕಿದ್ದು ನಿನ್ನ ಪುಸ್ತಕಕ್ಕೆ ಮಾತ್ರ.”

ಬರೆದವನ ಕೈ ನಡುವೆ ನಿಂತು ಮತ್ತೆ ಮುಂದುವರಿದಿದೆ.

ದಾಕ್ಷಾಯಿಣಿ ಗೋಡೆಗೆ ಒರಗಿದಳು. ಎರಡು ಕೈಗಳೂ ಬೇರೆ ಎಂದು ಬರೆದದ್ದು ಸರಿಯಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ‘ಆದ್ದರಿಂದ ಈ ಪುಸ್ತಕ ನಕಲಿ’ ಎಂದು ಇನ್ನೊಂದು ವಾಕ್ಯ ಸೇರಿಸಿದ್ದಳು. ಬರೆಯಿರಿ ಎಂದು ಯಾರೂ ಕೇಳಿರದ ವಾಕ್ಯ. ಇಡೀ ಜಿಲ್ಲೆಯಲ್ಲಿ ಅಸಲಿ ಅಂತ ಇದ್ದ ಒಂದೇ ಒಂದು ಪುಸ್ತಕವನ್ನು ಹುಡುಕಿ ಸುಳ್ಳು ಎಂದಿದ್ದಳು.

ಮಾರುತೇಶ ಅವಳ ಕಡೆ ನೋಡುತ್ತಿರಲಿಲ್ಲ. ತಾಯಿಯನ್ನು ನೋಡುತ್ತಿದ್ದ.

“ಮೂರು ವರ್ಷ,” ಅಂದ. “ನನ್ನ ಮೇಲೆ ಉಗುಳ್ತಿದ್ರು. ನೀನು ಒಳಗೆ ಕುಂತು ನೂಲು ಸುತ್ತುತಿದ್ದೆ.”

“ಮಾತು ಕೊಟ್ಟಿದ್ದೆ.”

“ಸತ್ತೋರಿಗೆ ಕೊಟ್ಟ ಮಾತು, ಬದುಕಿರೋ ಮಗನಿಗಿಂತ ಹೆಚ್ಚಾಯ್ತಾ?”

ಯರ್ರಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

ದಾಕ್ಷಾಯಿಣಿ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಬರೆಯತೊಡಗಿದಳು. ನನ್ನ ಅಭಿಪ್ರಾಯ ತಪ್ಪು. ಮಾರುತೇಶ ಅವರ ಪುಸ್ತಕವನ್ನು ನಕಲಿ ಎನ್ನಲು ನನ್ನಲ್ಲಿ ಆಧಾರ ಇರಲಿಲ್ಲ. ಆ ಒಂದು ವಾಕ್ಯದಿಂದ ಅವರ ವ್ಯಾಪಾರ, ಮರ್ಯಾದೆ ಎರಡೂ ಹೋದವು. ಕೆಳಗೆ ಸಹಿ ಹಾಕಿದಳು. ಇಪ್ಪತ್ತಾರು ವರ್ಷದಲ್ಲಿ ಇಂಥ ಕಾಗದ ಅವಳು ಬರೆದಿರಲಿಲ್ಲ. ಇದು ಹೊರಗೆ ಹೋದರೆ ಅವಳು ಸಾಕ್ಷಿ ಹೇಳಿದ ಹಳೆಯ ಮೊಕದ್ದಮೆಗಳನ್ನೆಲ್ಲ ವಕೀಲರು ಮತ್ತೆ ಕೆದಕಬಹುದು. ಗೊತ್ತಿದ್ದೂ ಮಡಚದೆ ಕೊಟ್ಟಳು.

ಮಾರುತೇಶ ಓದಿದ. ಮುಖ ಸಡಿಲಾಗಲಿಲ್ಲ.

“ಭಾನುವಾರ ಇದನ್ನ ಸಭೇಲಿ ಓದ್ತೀರಾ?”

“ಓದ್ತೀನಿ. ಆದ್ರೆ ಯರ್ರಮ್ಮನೋರು ಬಂದು ಎಲ್ಲರ ಮುಂದೆ ರುಜು ಹಾಕಿ ತೋರಿಸಬೇಕು. ಬರೀ ನನ್ನ ಮಾತು ಈಗ ನಡೆಯಲ್ಲ.”

“ನಾನು ಬರಲ್ಲ,” ಅಂದಳು ಯರ್ರಮ್ಮ. “ಇಲ್ಲಿ ಹೇಳಿದ್ದು ಇಲ್ಲೇ. ಅಲ್ಲಿಗೆ ಕರೆದ್ರೆ ನನಗೇನೂ ಗೊತ್ತಿಲ್ಲ ಅಂತೀನಿ.”

“ಅವ್ವ, ನಾನೂ ಕೇಳ್ತಿದೀನಿ.”

“ನೀನು ಕೇಳಿದ್ರೂ ಅಷ್ಟೇ. ರುಜುಗೆ ಅಂತ ಶುರುವಾದ ಮಾತು ರುಜುಗೇ ನಿಲ್ಲಲ್ಲ.”

ಅದರ ಅರ್ಥವೇನೆಂದು ದಾಕ್ಷಾಯಿಣಿ ಕೇಳುವಷ್ಟರಲ್ಲಿ ಮಾರುತೇಶ ಎದ್ದು ಗೋಡೆಯ ಗೂಡಿನ ಕಡೆ ಹೋದ. ಬಣ್ಣದ ಡಬ್ಬಿಗಳ ಹಿಂದೆ ಕೈ ಹಾಕಿ ಒಂದು ಅಂಚೆ ಲಕೋಟೆ ತೆಗೆದ.

“ಹಂಗಾದ್ರೆ ಇದನ್ನ ಯಾರು ಬರೆದ್ರು ಅಂತ ಹೇಳವ್ವ. ಎರಡು ತಿಂಗಳ ಹಿಂದೆ ನನ್ನ ಹೆಸರಿಗೆ ಬಂತು. ನಕಲಿ ಮಾರುತಿ ಅಂತ ಅಣಕಿಸೋಕೆ ಯಾರೋ ಕಳ್ಸಿದಾರೆ ಅಂದ್ಕೊಂಡು ಎಸೆದಿದ್ದೆ. ನಿಮ್ಮ ಮುಂದೆ ಇಡೋಕೆ ನಾಚಿಕೆ ಇತ್ತು. ಈಗ ನೋಡ್ರಿ ಮೇಡಂ. ಕಾಗದಾನೇ ಕೇಳಿ.”

ಒಳಗಿದ್ದದ್ದು ಗೋಡೆ ಕ್ಯಾಲೆಂಡರಿನಿಂದ ಹರಿದ ಒಂದು ಹಾಳೆ. ಅದರ ಖಾಲಿ ಬೆನ್ನಿಗೆ, ದೊಡ್ಡ ಸೊಟ್ಟ ಅಕ್ಷರಗಳಲ್ಲಿ ಒಂದು ಸಾಲು:

ಮಾರುತೇಶನ ಪುಸ್ತಕದಾಗೆ ಇರೋದು ನನ್ನ ರುಜು.

ಕೆಳಗೆ: ರಂಗಕ್ಕ.

ದಾಕ್ಷಾಯಿಣಿ ಭೂತಗನ್ನಡಿ ತೆಗೆದಳು. ಈ ಸಲ ಆತುರ ಪಡಲಿಲ್ಲ. ತಿದ್ದಿದ ಗುರುತಿರಲಿಲ್ಲ, ಕೈ ನಡುಗಿದ್ದು ವಯಸ್ಸಿನ ನಡುಕ. ‘ಪುಸ್ತಕ’ದ ಒತ್ತು ಸಾಲು ಮುಗಿದ ಮೇಲೆ ಬಂದು ಸೇರಿಕೊಂಡಿತ್ತು. ‘ನನ್ನ’ದ ಒತ್ತೂ ಹಾಗೆಯೇ. ‘ರಂಗಕ್ಕ’ದಲ್ಲಿ ಒತ್ತು ಬಲಕ್ಕೆ ಜಾರಿ ನೇತಾಡುತ್ತಿತ್ತು. ಮಾರುತೇಶ ತಂದಿಟ್ಟ ಪುಸ್ತಕವನ್ನು ಪಕ್ಕದಲ್ಲಿ ತೆರೆದು ಒಂದೊಂದೇ ಅಕ್ಷರ ಹೋಲಿಸಿದಳು. ಕೂಡಿಬೀಳುವ ಸಹಿಗಳಲ್ಲ. ಒಂದೇ ಕೈಯ ಬೇರೆ ಬೇರೆ ಸಹಿಗಳು.

ಹಾಳೆ ತಿರುಗಿಸಿದಳು. ಮಾರ್ಚ್ ತಿಂಗಳು. ಈ ವರ್ಷದ ಮಾರ್ಚ್.

ರಂಗಕ್ಕ ಸತ್ತದ್ದು ಹನ್ನೆರಡು ವರ್ಷದ ಹಿಂದೆ, ನಾಟಕದ ಡೇರೆಗೆ ಬಿದ್ದ ಬೆಂಕಿಯಲ್ಲಿ. ಮುಖ ಗುರುತು ಸಿಗದಂತೆ ಸುಟ್ಟಿತ್ತು ಎಂದು ಆಗ ಪತ್ರಿಕೆಗಳು ಬರೆದಿದ್ದವು. ಗುರುತು ಹಿಡಿದವರು ಕಂಪನಿಯವರೇ.

“ಅವ್ವ,” ಅಂದ ಮಾರುತೇಶ. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. ಭಯವಿತ್ತು.

ಯರ್ರಮ್ಮ ಆ ಹಾಳೆಯನ್ನು ಮುಟ್ಟಲಿಲ್ಲ. ಬೀದಿ ಬಾಗಿಲಿಗೆ ಹೋಗಿ ಅಗುಳಿ ಹಾಕಿದಳು. ಕಿಟಕಿಯ ಬಾಗಿಲನ್ನೂ ಎಳೆದುಕೊಂಡಳು. ಪಕ್ಕದ ಮನೆಯ ಮಗ್ಗದ ಸದ್ದು ಅರ್ಧಕ್ಕೆ ಇಳಿಯಿತು.

“ಯರ್ರಮ್ಮನೋರೆ,” ಅಂದಳು ದಾಕ್ಷಾಯಿಣಿ, “ರಂಗಕ್ಕನ್ನ ಮಣ್ಣು ಮಾಡಿದಾಗ ನೀವು ಅಲ್ಲಿದ್ರಾ?”

“ಇದ್ದೆ.” ಮುದುಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. “ಮೊದಲನೇ ಹಿಡಿ ಮಣ್ಣು ಹಾಕಿದ್ದೇ ನಾನು. ಯಾರ ಮೇಲೆ ಹಾಕಿದೆ ಅಂತ ಮಾತ್ರ ಕೇಳಬೇಡಿ.”